ಕ್ಲೇ ಟಾರ್ಗೆಟ್ ಶೂಟಿಂಗ್

ಯಂತ್ರದಿಂದ ಗಾಳಿಗೆ ಚಿಮ್ಮಿಸಿದ ಬಿಲ್ಲೆಗಳನ್ನು ಶಾಟ್‌ಗನ್ನಿನಿಂದ ಹೊಡೆದು ಒಡೆಯುವ ಕ್ರೀಡೆಯೇ ಕ್ಲೇ ಟಾರ್ಗೆಟ್ ಶೂಟಿಂಗ್. ಹೆಸರಿನಲ್ಲಿ ಜೇಡಿಮಣ್ಣು ಇದ್ದರೂ ಇಂದಿನ ಬಿಲ್ಲೆಯಲ್ಲಿ ಮಣ್ಣಿಲ್ಲ; ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನೊಡನೆ ಬೆರೆಸಿ ಅಚ್ಚು ಹಾಕಿರುತ್ತಾರೆ. ಇದರ ವ್ಯಾಸ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಟ್ರ್ಯಾಪ್ ಮತ್ತು ಸ್ಕೀಟ್ ಇದರ ಒಲಿಂಪಿಕ್ ಪ್ರಕಾರಗಳು.

ಹಿನ್ನೆಲೆ

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಪೆಟ್ಟಿಗೆಯಿಂದ ಹಾರಿಬಿಟ್ಟ ಜೀವಂತ ಪಾರಿವಾಳಗಳೇ ಗುರಿಯಾಗಿದ್ದವು. 1900ರ ಪ್ಯಾರಿಸ್ ಒಲಿಂಪಿಕ್ಸ್ ಸಂದರ್ಭದಲ್ಲಿಯೂ ಇಂಥ ಸ್ಪರ್ಧೆ ನಡೆದು ನೂರಾರು ಪಾರಿವಾಳಗಳು ಸತ್ತವು. ಅಷ್ಟರಲ್ಲಿ ಅಮೆರಿಕದಲ್ಲಿ ಗಾಜಿನ ಚೆಂಡುಗಳ ಪ್ರಯೋಗ ನಡೆದು, 1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದಿದ್ದನು. ಬಿಲ್ಲೆಯನ್ನು ಇಂದಿಗೂ 'ಹಕ್ಕಿ' ಎಂದು ಕರೆಯುವ ರೂಢಿ ಈ ಇತಿಹಾಸದ ಉಳಿಕೆ.

ಪ್ರಕಾರಗಳು

ಟ್ರ್ಯಾಪ್‌ನಲ್ಲಿ ಬಿಲ್ಲೆಗಳು ಕಂದಕದಲ್ಲಿರುವ ಯಂತ್ರಗಳಿಂದ ಹೊರಟು ಕ್ರೀಡಾಪಟುವಿನಿಂದ ದೂರಕ್ಕೆ ಸಾಗುತ್ತವೆ. ಒಲಿಂಪಿಕ್ ಅಂಕಣದಲ್ಲಿ ಇಂಥ 15 ಯಂತ್ರಗಳೂ ಅವುಗಳ ಹಿಂದೆ 15 ಮೀಟರ್ ದೂರದಲ್ಲಿ 5 ನಿಲುಗಡೆಗಳೂ ಇರುತ್ತವೆ. ಸ್ಕೀಟ್‌ನಲ್ಲಿ ಎತ್ತರದ ಹಾಗೂ ತಗ್ಗಿನ ಎರಡು ಮನೆಗಳಿಂದ ಬಿಲ್ಲೆಗಳು ಅಡ್ಡಲಾಗಿ ಹಾಯುತ್ತವೆ. 8 ನಿಲುಗಡೆಗಳಿಂದ 25 ಬಿಲ್ಲೆಗಳನ್ನು ಹೊಡೆದರೆ ಒಂದು ಸುತ್ತು ಮುಗಿಯುತ್ತದೆ. ಸ್ಕೀಟ್ 1968ರಲ್ಲಿ ಒಲಿಂಪಿಕ್ಸ್ ಸೇರಿತು.

ಹೊಸಬರ ಕಲಿಕೆ

ಹೊಸಬರಿಗೆ ಸಾಮಾನ್ಯವಾಗಿ 12 ಬೋರ್ ಬಂದೂಕನ್ನೇ ಕೊಡುತ್ತಾರೆ. 24 ಗ್ರಾಂ ಚರೆ ತುಂಬಿದ ತೋಟೆಯೊಂದರಲ್ಲಿ ಸುಮಾರು 300 ಸೀಸದ ಚರೆಗಳಿರುತ್ತವೆ. ಚರೆ ಹರಡುವುದರಿಂದ ಹೊಡೆಯುವುದು ಸುಲಭವೆಂದು ಅನೇಕರು ಭಾವಿಸುತ್ತಾರೆ. ಮೊದಲ ಹತ್ತು ಬಿಲ್ಲೆಗಳು ಸುರಕ್ಷಿತವಾಗಿ ನೆಲಕ್ಕಿಳಿದಾಗ ಆ ಭ್ರಮೆ ಹರಿಯುತ್ತದೆ.

ಕಾರಣ ಸರಳ ಲೆಕ್ಕದಲ್ಲಿದೆ. ಬಿಲ್ಲೆ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ಹಾರುತ್ತದೆ. ಚರೆಗೆ 20 ಮೀಟರ್ ಕ್ರಮಿಸಲು ಸೆಕೆಂಡಿನ ಸುಮಾರು ಇಪ್ಪತ್ತನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಅಡ್ಡ ಹಾಯುವ ಬಿಲ್ಲೆ ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಆದ್ದರಿಂದ ಬಿಲ್ಲೆ ಇರುವಲ್ಲಿಗಲ್ಲ, ಅದು ತಲುಪುವಲ್ಲಿಗೆ ಹೊಡೆಯಬೇಕು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಎರೆಹೊಲಗಳಲ್ಲಿ ಜೋಳ ಕಾಯಲು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದವರಿಗೆ ಈ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ.

ಹೊಸಬರ ದೊಡ್ಡ ತಪ್ಪೆಂದರೆ ಕುದುರೆ ಎಳೆಯುವ ಕ್ಷಣದಲ್ಲಿ ಬಂದೂಕಿನ ಚಲನೆಯನ್ನು ನಿಲ್ಲಿಸಿಬಿಡುವುದು. ಚರೆಯೆಲ್ಲ ಬಿಲ್ಲೆಯ ಹಿಂದೆ ಹೋಗುತ್ತದೆ. ಮತ್ತೊಂದು, ಫಲಿತಾಂಶ ನೋಡುವ ಆತುರದಲ್ಲಿ ಹಿಡಿಯಿಂದ ಕೆನ್ನೆಯನ್ನು ಎತ್ತುವುದು. ಆಗ ಚರೆ ಮೇಲಿನಿಂದ ಹಾದುಹೋಗುತ್ತದೆ. ದೃಷ್ಟಿ ನಳಿಗೆಯ ತುದಿಯ ಮಣಿಯ ಮೇಲಲ್ಲ, ಬಿಲ್ಲೆಯ ಮೇಲಿರಬೇಕು. ಎರಡು ಕಣ್ಣುಗಳಲ್ಲಿ ಯಾವುದು ಪ್ರಧಾನವೆಂಬುದನ್ನು ತರಬೇತುದಾರರು ಮೊದಲೇ ಪರೀಕ್ಷಿಸುತ್ತಾರೆ. ಬಲಗೈಯವರ ಎಡಗಣ್ಣು ಪ್ರಧಾನವಾಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಗುರಿ ಓರೆಯಾಗುವುದುಂಟು. ಹಿಡಿಯನ್ನು ಭುಜದ ಕುಳಿಗೆ ಬಿಗಿಯಾಗಿ ಒತ್ತಿ, ದೇಹದ ಭಾರವನ್ನು ಮುಂಗಾಲಿನ ಮೇಲೆ ಇರಿಸದಿದ್ದರೆ ಹಿಮ್ಮೊದೆತಕ್ಕೆ ಭುಜ ಕಂದುತ್ತದೆ.

ಸುರಕ್ಷತೆ ಮತ್ತು ಕಾನೂನು

ನಿಲುಗಡೆ ತಲುಪುವವರೆಗೆ ಬಂದೂಕು ತೋಟೆಯಿಲ್ಲದೆ, ಮಡಿಚಿ ತೆರೆದ ಸ್ಥಿತಿಯಲ್ಲಿರಬೇಕು. ಚರೆ 200 ಮೀಟರಿಗೂ ಆಚೆ ಬೀಳಬಲ್ಲದು. ಹೊಲವೋ ಬಯಲೋ ಖಾಲಿಯಾಗಿ ಕಂಡಿತೆಂದು ಅಭ್ಯಾಸಕ್ಕೆ ಇಳಿಯುವಂತಿಲ್ಲ. ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ ಅಗತ್ಯ. ಸದ್ದಿನಿಂದ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿ ಇಲ್ಲದೆ ಬಂದೂಕು ಹೊಂದುವುದು ಅಪರಾಧ. ಬೆಳೆ ಕಾಯಲು ಪಡೆದ ಪರವಾನಗಿಯನ್ನೇ ಕ್ರೀಡೆಯ ಪರವಾನಗಿಯೆಂದು ತಿಳಿಯಬಾರದು. ಆಸಕ್ತರು ಮಾನ್ಯತೆ ಪಡೆದ ರೈಫಲ್ ಸಂಘದ ಮೂಲಕವೇ ಆರಂಭಿಸುವುದು ಸರಿಯಾದ ಮಾರ್ಗ.

ಭಾರತದಲ್ಲಿ

ಬಿಕಾನೇರದ ಕರ್ಣಿ ಸಿಂಗ್ 1962ರ ಕೈರೋ ವಿಶ್ವ ಚಾಂಪಿಯನ್‌ಶಿಪ್‌ನ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. ದೆಹಲಿಯ ತುಘಲಕಾಬಾದ್ ಅಂಕಣಕ್ಕೆ ಅವರದೇ ಹೆಸರಿದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪ್ ಬೆಳ್ಳಿ ಪಡೆದರು. ಆ ಪ್ರಕಾರ ಈಗ ಒಲಿಂಪಿಕ್ಸ್‌ನಲ್ಲಿಲ್ಲ. ಮಾನವ್‌ಜಿತ್ ಸಿಂಗ್ ಸಂಧು 2006ರಲ್ಲಿ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. 2024ರ ಪ್ಯಾರಿಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಜೋಡಿಗೆ ಮಿಶ್ರ ಸ್ಕೀಟ್ ಕಂಚು ಒಂದೇ ಬಿಲ್ಲೆಯಿಂದ ತಪ್ಪಿತು. ಬಳ್ಳಾರಿಗೆ ಹೆಚ್ಚು ದೂರವಲ್ಲದ ಹೈದರಾಬಾದಿನ ಕೈನಾನ್ ಚೆನಾಯ್ 2016ರ ರಿಯೊ ಒಲಿಂಪಿಕ್ಸ್‌ನ ಟ್ರ್ಯಾಪ್‌ನಲ್ಲಿ ಸ್ಪರ್ಧಿಸಿದ್ದರು.

ಕರ್ನಾಟಕದಲ್ಲಿ ಬಂದೂಕಿನ ಗುರಿಯಾಟಕ್ಕೆ ಹಳೆಯ ನೆಲೆ ಕೊಡಗು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಪೂಜೆಯ ನಂತರ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆ ಗುರಿ ನಿಂತಲ್ಲೇ ಇರುತ್ತದೆ.