ಭಾರತದಲ್ಲಿ ವ್ಯಸನಮುಕ್ತಿ ಚಿಕಿತ್ಸೆಯ ಕಾನೂನು

ಭಾರತದಲ್ಲಿ ಮಾದಕ ವಸ್ತುಗಳ ವ್ಯಸನಿಯು ಚಿಕಿತ್ಸೆ ಪಡೆಯುವ ಬಗೆಯನ್ನು ಮುಖ್ಯವಾಗಿ ಎರಡು ಕೇಂದ್ರ ಕಾಯಿದೆಗಳು ನಿಯಂತ್ರಿಸುತ್ತವೆ. 1985ರ ಎನ್‌ಡಿಪಿಎಸ್ ಕಾಯಿದೆಯು ಮಾದಕ ವಸ್ತುಗಳ ಸೇವನೆಯನ್ನೇ ಅಪರಾಧವೆಂದು ಪರಿಗಣಿಸಿದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ.

ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಳಗಾದರೆ, ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮು ಆತನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಇಲ್ಲಿ ಅನೇಕ ಕುಟುಂಬಗಳು ಗಮನಿಸದ ಒಂದು ಷರತ್ತಿದೆ: ಆ ಚಿಕಿತ್ಸಾಲಯವು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವಂಥದ್ದು, ಇಲ್ಲವೇ ಅವುಗಳ ಮಾನ್ಯತೆ ಪಡೆದಂಥದ್ದು ಆಗಿರಬೇಕು. ಬಾಗಿಲಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಎಂಬ ಫಲಕವಿದ್ದ ಮಾತ್ರಕ್ಕೆ ಈ ರಕ್ಷಣೆ ದೊರೆಯದು. ಚಿಕಿತ್ಸೆಯನ್ನು ಪೂರ್ಣಗೊಳಿಸದೆ ಬಿಟ್ಟವರ ರಕ್ಷಣೆಯನ್ನು ಹಿಂಪಡೆಯಲೂ ಅವಕಾಶವಿದೆ. ವ್ಯಸನವು ಮರುಕಳಿಸುವುದು ಸಾಮಾನ್ಯವಾಗಿರುವುದರಿಂದ ಈ ನಿಯಮವು ಕಠಿಣವೆಂದೇ ಹೇಳಬೇಕು.

2017ರ ಕಾಯಿದೆಯಂತೆ ಮಾನಸಿಕ ಆರೋಗ್ಯ ಸಂಸ್ಥೆಗಳು ನೋಂದಣಿಯಿಲ್ಲದೆ ನಡೆಯುವಂತಿಲ್ಲ. ಮನೆಯವರು ಬೇಸತ್ತು ಬಲವಂತವಾಗಿ ಕರೆತಂದರೆಂಬ ಒಂದೇ ಕಾರಣಕ್ಕೆ ಯಾರನ್ನೂ ದಾಖಲಿಸಿಕೊಳ್ಳಲಾಗದು. ರೋಗಿಯು ತಾನೇ ನಿರ್ಧರಿಸಲಾಗದ ಸ್ಥಿತಿಯಲ್ಲಿದ್ದರೆ ನಾಮನಿರ್ದೇಶಿತ ಪ್ರತಿನಿಧಿಯು ಅರ್ಜಿ ಸಲ್ಲಿಸಬೇಕು. ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು. ಇಂತಹ ದಾಖಲಾತಿಯ ಆರಂಭಿಕ ಅವಧಿ ಗರಿಷ್ಠ 30 ದಿನಗಳು. ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು 95ನೆಯ ಕಲಮು ಸಂಪೂರ್ಣವಾಗಿ ನಿಷೇಧಿಸಿದೆ.