ಒಂದೇ ಪಾಠ, ಎರಡು ಖಾತೆ: ಪಾಲಕರು ಅರಿತಿರಬೇಕಾದ ಲೆಕ್ಕ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಯಿತೆಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಮನೆಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಹೆದ್ದಾರಿಯ ಮಗ್ಗುಲಲ್ಲಿರುವ ಹತ್ತರಗಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಪ್ರಶ್ನೆ ಜೊತೆಗೂಡುತ್ತದೆ. ಮಗಳನ್ನು ಸಂಕೇಶ್ವರಕ್ಕೆ ಕಳಿಸುವುದೋ, ಹುಕ್ಕೇರಿಗೋ, ಇಲ್ಲವೇ ಬೆಳಗಾವಿಯ ವಸತಿನಿಲಯಕ್ಕೋ? ಇತ್ತೀಚಿನ ವರ್ಷಗಳಲ್ಲಿ ಇವೆಲ್ಲದರ ನಡುವೆ ಹೊಸದೊಂದು ಮಾತು ಕೇಳಿಬರುತ್ತಿದೆ. ಪಿಯುಸಿ ಓದುತ್ತಲೇ ಮನೆಯಲ್ಲಿ ಕುಳಿತು ಅಂತರಜಾಲದ ಮೂಲಕ ಪದವಿ ಕಾಲೇಜಿನ ಪಾಠವನ್ನೂ ಕಲಿಯಬಹುದು, ಒಮ್ಮೆ ಕಲಿತದ್ದು ಎರಡೂ ಕಡೆ ಲೆಕ್ಕಕ್ಕೆ ಸೇರುತ್ತದೆ ಎಂಬುದೇ ಆ ಮಾತು.

ಕೇಳಲು ಇಂಪಾದ ಮಾತು. ಆದರೆ ಅದರಲ್ಲಿ ಅರ್ಧ ಮಾತ್ರ ನಿಜ. ಯಾವ ಅರ್ಧ ನಿಜ, ಯಾವ ಅರ್ಧ ಅಲ್ಲ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ತಿಳಿಯುವುದು ಪಾಲಕರ ಕರ್ತವ್ಯ.

ಮೂಲತಃ ಇದು ಅಮೆರಿಕದಲ್ಲಿ ಬೆಳೆದ ಪದ್ಧತಿ. ಅಲ್ಲಿನ ಮಿನ್ನೆಸೋಟ ರಾಜ್ಯವು 1985ರಲ್ಲಿಯೇ ಕಾನೂನೊಂದನ್ನು ತಂದು, ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳು ಸರಕಾರದ ಖರ್ಚಿನಲ್ಲಿ ಕಾಲೇಜಿನ ಪಾಠಗಳನ್ನು ಕಲಿಯಲು ದಾರಿ ತೆರೆಯಿತು. ಮುಂದೆ ಇತರ ರಾಜ್ಯಗಳೂ ಇದೇ ದಾರಿ ಹಿಡಿದವು. ಅಂತರಜಾಲ ಬಂದ ಮೇಲೆ ಪಾಠಗಳು ಮನೆಗೇ ಬಂದವು. ಅಲ್ಲಿ ಒಂದೇ ಪಾಠದಲ್ಲಿ ತೇರ್ಗಡೆಯಾದರೆ ಶಾಲೆಯ ದಾಖಲೆಯಲ್ಲಿಯೂ ಕಾಲೇಜಿನ ದಾಖಲೆಯಲ್ಲಿಯೂ ಅದು ಜಮೆಯಾಗುತ್ತದೆ. ಇದು ಸಾಧ್ಯವಾಗುವುದು ಶಾಲೆ ಮತ್ತು ಕಾಲೇಜುಗಳ ನಡುವೆ ಮೊದಲೇ ಒಪ್ಪಂದ ಇರುವುದರಿಂದ. ಒಪ್ಪಂದವಿಲ್ಲದ ಕಡೆ ಎರಡನೆಯ ಖಾತೆಯೂ ಇಲ್ಲ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಪಿಯುಸಿ ಸೇರಿದ ಹದಿನಾರರ ಮಗುವನ್ನು ನಾವು 'ಕಾಲೇಜಿಗೆ ಹೋಗುತ್ತಿದೆ' ಎನ್ನುತ್ತೇವೆ. ಈ ರೂಢಿಯ ಮಾತಿನಿಂದಲೇ ಅರ್ಧ ಗೊಂದಲ ಹುಟ್ಟಿದೆ. ಹೆಸರು ಕಾಲೇಜಾದರೂ ಅದು ಹನ್ನೊಂದು ಮತ್ತು ಹನ್ನೆರಡನೆಯ ತರಗತಿ. ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವುದು ರಾಜ್ಯದ ಪರೀಕ್ಷಾ ಮಂಡಳಿ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಪದವಿಯಾದರೋ ವಿಶ್ವವಿದ್ಯಾಲಯದ ಅಧೀನ. ನಮ್ಮ ಜಿಲ್ಲೆಯ ಮಟ್ಟಿಗೆ 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಅಲ್ಲಿ ಕಲಿಕೆಯನ್ನು ಅಳೆಯುವುದು ಕ್ರೆಡಿಟ್ ಎಂಬ ಮಾನದಿಂದ. ಮಂಡಳಿಯ ಅಂಕ, ವಿಶ್ವವಿದ್ಯಾಲಯದ ಕ್ರೆಡಿಟ್ ಇವೆರಡೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದ ಲೆಕ್ಕಗಳು. ಅಂತರಜಾಲದಲ್ಲಿ ಗಳಿಸಿದ ಪ್ರಮಾಣಪತ್ರವನ್ನು ತೋರಿಸಿ ಪಿಯುಸಿಯ ಒಂದು ವಿಷಯವನ್ನು ಕೈಬಿಡಲು ಬರುವುದಿಲ್ಲ.

ಹಾಗಾದರೆ ಮಕ್ಕಳಿಗೆ ಲಭ್ಯವಿರುವುದಾದರೂ ಏನು? ಬಹಳಷ್ಟಿದೆ, ಮತ್ತು ಅದರಲ್ಲಿ ಹೆಚ್ಚಿನದು ಉಚಿತ.

ಮೊದಲನೆಯದು ಕೇಂದ್ರ ಸರಕಾರದ 'ಸ್ವಯಂ' ವೇದಿಕೆ. 2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಇದನ್ನು ಉದ್ಘಾಟಿಸಿದರು. ಹನ್ನೊಂದು, ಹನ್ನೆರಡನೆಯ ತರಗತಿಗಳ ಪಾಠಗಳಿಂದ ಹಿಡಿದು ಸ್ನಾತಕೋತ್ತರ ಪಾಠಗಳವರೆಗೆ ಎಲ್ಲವೂ ಇಲ್ಲಿವೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳು ಕೂಡ ಇದೇ ವೇದಿಕೆಯಲ್ಲಿ ದೊರೆಯುತ್ತವೆ. ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳ ಪಾಠ, ವಾರಕ್ಕೊಮ್ಮೆ ಮನೆಗೆಲಸ. ಹೆಸರು ನೋಂದಾಯಿಸಲು, ಪಾಠ ಕೇಳಲು ಒಂದು ಪೈಸೆಯೂ ಬೇಡ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ ತೆತ್ತು, ಗೊತ್ತುಪಡಿಸಿದ ಕೇಂದ್ರಕ್ಕೆ ಖುದ್ದಾಗಿ ಹೋಗಿ ಪರೀಕ್ಷೆ ಬರೆಯಬೇಕು. ಎನ್‌ಪಿಟಿಇಎಲ್ ಪಾಠಗಳಲ್ಲಿ ಮನೆಗೆಲಸಕ್ಕೆ 25, ಪರೀಕ್ಷೆಗೆ 75 ಅಂಕ. ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದರೂ ಹಲವು ಪಾಠಗಳ ಬರಹರೂಪ ಕನ್ನಡಕ್ಕೆ ಅನುವಾದಗೊಂಡಿದೆ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇದು ದೊಡ್ಡ ಆಸರೆ.

ಎರಡನೆಯದು ಮದ್ರಾಸಿನ ಐಐಟಿ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಆನ್‌ಲೈನ್ ಪದವಿ. ಇದಕ್ಕೆ ಜೆಇಇ ಪರೀಕ್ಷೆ ಬೇಕಿಲ್ಲ. ನಾಲ್ಕು ವಾರಗಳ ಪಾಠ ಕಲಿತು, ಮನೆಗೆಲಸ ಮುಗಿಸಿ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪ್ರವೇಶ. ಹನ್ನೊಂದನೆಯ ತರಗತಿಯ ವಾರ್ಷಿಕ ಪರೀಕ್ಷೆ ಬರೆದವರೂ ಈ ಅರ್ಹತಾ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಆದರೆ ಅವರು ಪದವಿಗೆ ಸೇರುವುದು ಹನ್ನೆರಡನೆಯ ತರಗತಿ ಪಾಸಾದ ಮೇಲೆಯೇ. ಅಂದರೆ ಮುಂಚಿತವಾಗಿ ಸಿಗುವುದು ಪ್ರವೇಶದ ಅರ್ಹತೆ. ಪದವಿಯ ಕ್ರೆಡಿಟ್ ಅಲ್ಲ. ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ವಿನಾಯಿತಿ ಇರುವುದನ್ನೂ ಇಲ್ಲಿ ಹೇಳಬೇಕು.

ಇನ್ನು ಕ್ರೆಡಿಟ್ ಕೂಡಿಡುವ ಮಾತು. ಮಗು ಪದವಿ ಕಾಲೇಜಿಗೆ ಸೇರಿದ ಮೇಲೆ ಈ ಬಾಗಿಲು ನಿಜವಾಗಿಯೂ ತೆರೆಯುತ್ತದೆ. 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಎರಡು ನಿಯಮಗಳನ್ನು ಹೊರಡಿಸಿತು. ಒಂದರ ಪ್ರಕಾರ, ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 40ರವರೆಗೆ 'ಸ್ವಯಂ' ವೇದಿಕೆಯಿಂದ ಕಲಿಯಲು ವಿಶ್ವವಿದ್ಯಾಲಯಗಳು ಅನುಮತಿ ಕೊಡಬಹುದು. ಇನ್ನೊಂದರ ಪ್ರಕಾರ, ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡಲು ಬ್ಯಾಂಕಿನಂಥ ವ್ಯವಸ್ಥೆಯೊಂದು ಸ್ಥಾಪನೆಯಾಯಿತು. ಅಲ್ಲಿ ಜಮೆಯಾದ ಕ್ರೆಡಿಟ್ ಸಾಮಾನ್ಯವಾಗಿ ಏಳು ವರ್ಷ ಊರ್ಜಿತ. ಎನ್‌ಪಿಟಿಇಎಲ್‌ನ ಹನ್ನೆರಡು ವಾರಗಳ ಪಾಠಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್ ಎಂದು ಲೆಕ್ಕ. ಆದರೆ ಯಾವ ಪಾಠವನ್ನು ಒಪ್ಪಬೇಕೆಂದು ನಿರ್ಧರಿಸುವವರು ವಿಶ್ವವಿದ್ಯಾಲಯದವರು. ಪಿಯುಸಿಯಲ್ಲಿದ್ದಾಗ ಗಳಿಸಿದ ಪ್ರಮಾಣಪತ್ರವನ್ನು ಮುಂದೆ ಒಪ್ಪಿಕೊಂಡೇ ತೀರುತ್ತಾರೆಂಬ ಭರವಸೆಯನ್ನು ಯಾರೂ ಕೊಡಲಾರರು.

ಭರವಸೆ ಕೊಡುವವರೇ ಇದ್ದಾರಲ್ಲ ಎಂದು ಕೆಲವರು ಕೇಳಬಹುದು. ಎಚ್ಚರಿಕೆ ಬೇಕಾದುದು ಅಲ್ಲಿಯೇ. ಏಕಕಾಲದಲ್ಲಿ ಎರಡು ಪದವಿ ಓದಬಹುದೆಂದು ಯುಜಿಸಿ 2022ರ ಏಪ್ರಿಲ್‌ನಲ್ಲಿ ಪ್ರಕಟಿಸಿದ್ದು ನಿಜ. ಆ ಅವಕಾಶ ಕಾಲೇಜು, ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಹೊರತು ಪಿಯುಸಿ ಮಕ್ಕಳಿಗಲ್ಲ. ಇದನ್ನು ಮುಂದಿಟ್ಟುಕೊಂಡು 'ಪಿಯುಸಿ ಮುಗಿಯುವಷ್ಟರಲ್ಲಿ ಪದವಿಯ ಒಂದು ವರ್ಷವೂ ಮುಗಿಯುತ್ತದೆ' ಎಂದು ಹೇಳುವವರು ಬಾಗಿಲಿಗೆ ಬಂದರೆ ಮೂರು ಪ್ರಶ್ನೆ ಕೇಳಿರಿ. ಈ ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದು, ಅದರ ಆನ್‌ಲೈನ್ ಪದವಿಗೆ ಯುಜಿಸಿಯ ಮಾನ್ಯತೆ ಇದೆಯೇ? ಈ ಕ್ರೆಡಿಟನ್ನು ಒಪ್ಪಿಕೊಳ್ಳುವ ಕಾಲೇಜು ಯಾವುದು, ಆ ಕಾಲೇಜು ಅದನ್ನು ಬರೆದು ಕೊಡುವುದೇ? ಪರೀಕ್ಷೆ ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ಮೂರಕ್ಕೂ ಕಾಗದದ ಮೇಲೆ ಉತ್ತರ ಸಿಗುವವರೆಗೆ ಹಣದ ಗಂಟು ಬಿಚ್ಚಬಾರದು. ಕಬ್ಬಿನ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ಕುಟುಂಬಕ್ಕೆ ಹತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ.

ಮಗುವಿನ ಸಮಯದ ಲೆಕ್ಕ ಹಣದ ಲೆಕ್ಕಕ್ಕಿಂತ ದೊಡ್ಡದು. ಹತ್ತರಗಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬಂದು ವಿಜ್ಞಾನ ಓದುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಸಂಜೆ ಮನೆಗೆಲಸದಲ್ಲಿ ತಾಯಿಗೆ ನೆರವಾಗಿ ಪುಸ್ತಕ ಹಿಡಿಯುವಷ್ಟರಲ್ಲಿ ಎಂಟು ಗಂಟೆ. ಅವಳು ಇಂಜಿನಿಯರಿಂಗ್ ಸೇರಬಯಸಿದರೆ ರಾಜ್ಯದ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪ್ರವೇಶ ಪರೀಕ್ಷೆಯದು, ಇನ್ನರ್ಧ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳದ್ದು. ಕಾಲೇಜಿನ ಪಾಠದ ಆಸೆಗೆ ಬಿದ್ದು ಈ ಮೂರು ವಿಷಯಗಳಲ್ಲಿ ಹಿಂದೆ ಬಿದ್ದರೆ, ನಾಳೆಯ ಮೂರು ಕ್ರೆಡಿಟ್‌ಗಾಗಿ ಇಂದಿನ ಸೀಟನ್ನು ಕಳೆದುಕೊಂಡಂತೆ.

ಆದ್ದರಿಂದ ಒಂದು ಕ್ರಮವನ್ನು ಸೂಚಿಸಬಹುದು. 'ಸ್ವಯಂ' ಪಾಠಗಳು ಮುಖ್ಯವಾಗಿ ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಆರಂಭವಾಗುತ್ತವೆ. ಪ್ರಥಮ ಪಿಯುಸಿಯ ಜುಲೈ ಸರದಿ ಅನುಕೂಲವಾದುದು. ದ್ವಿತೀಯ ಪಿಯುಸಿಯ ಜನವರಿ ಸರದಿ ಬೇಡ. ವಾರ್ಷಿಕ ಪರೀಕ್ಷೆ, ಸಿಇಟಿ ಎರಡೂ ಆಗ ಎದುರಿಗೇ ಇರುತ್ತವೆ. ಒಂದೇ ಪಾಠ, ಅದೂ ನಾಲ್ಕು ಅಥವಾ ಎಂಟು ವಾರಗಳದ್ದು ಸಾಕು. ಮೊದಲ ಎರಡು ವಾರ ಶುಲ್ಕ ಕಟ್ಟದೆ ಕೇಳಲಿ. ಆಸಕ್ತಿ ಉಳಿದರೆ ಮಾತ್ರ ಪರೀಕ್ಷೆಯ ವಿಚಾರ.

ಮನೆಯಲ್ಲಿ ಗಣಕಯಂತ್ರವಿಲ್ಲವೆಂದು ಮಕ್ಕಳು ಹಿಂದೆ ಸರಿಯಬೇಕಾಗಿಲ್ಲ. ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿ, ಅನೇಕ ಕಡೆ ಗಣಕಯಂತ್ರ ಮತ್ತು ಅಂತರಜಾಲ ಸೌಲಭ್ಯ ಪಡೆದಿವೆ. ನಮ್ಮ ಧರ್ಮಕೇಂದ್ರಗಳ ಸಭಾಭವನಗಳೂ ವಾರದ ಬಹುದಿನ ಬೀಗ ಹಾಕಿಕೊಂಡೇ ಇರುತ್ತವೆ. ಭಾನುವಾರದ ಪೂಜೆಯ ನಂತರ ಎರಡು ಗಂಟೆ ಆ ಬಾಗಿಲು ತೆರೆದು, ಪದವಿ ಮುಗಿಸಿದ ನಮ್ಮದೇ ಯುವಕ ಯುವತಿಯರು ಕಿರಿಯರ ಪಕ್ಕದಲ್ಲಿ ಕುಳಿತರೆ, ಒಬ್ಬಂಟಿಯಾಗಿ ಅರ್ಧಕ್ಕೇ ಬಿಡುವ ಪಾಠವನ್ನು ಹತ್ತು ಮಂದಿ ಕೂಡಿ ಮುಗಿಸಬಲ್ಲರು.

ಎರಡು ಖಾತೆಗಳ ಲೆಕ್ಕ ನಮ್ಮ ರಾಜ್ಯದಲ್ಲಿ ಇನ್ನೂ ಕೂಡಿಲ್ಲ. ಎಂದಾದರೊಂದು ದಿನ ಮಂಡಳಿ ಮತ್ತು ವಿಶ್ವವಿದ್ಯಾಲಯ ಕೈಜೋಡಿಸಿದರೆ ಅದನ್ನು ಸ್ವಾಗತಿಸೋಣ. ಅಲ್ಲಿಯವರೆಗೆ ಮಗುವಿಗೆ ಸತ್ಯವನ್ನೇ ಹೇಳೋಣ: ಈ ಪಾಠ ನಿನ್ನ ಅಂಕಪಟ್ಟಿಯಲ್ಲಿ ಕಾಣದು, ಆದರೆ ಪದವಿಯ ಮೊದಲ ದಿನ ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಬರೆದದ್ದು ನಿನಗೆ ಅಪರಿಚಿತ ಎನಿಸದು. ಹಳ್ಳಿಯಿಂದ ಹೊರಟ ಮಗುವಿಗೆ ಆ ಮೊದಲ ದಿನದ ಧೈರ್ಯವೂ ಒಂದು ಗಳಿಕೆಯೇ.