ಹಿಪ್ಪುನೇರಳೆ ಸೊಪ್ಪು ಹಳದಿಯಾದಾಗ ಮೊದಲು ಎಲ್ಲಿ ನೋಡಬೇಕು?

ತೋಟದಲ್ಲಿ ಸೊಪ್ಪು ಹಳದಿಗೆ ತಿರುಗಿತೆಂದರೆ ಕೊಳ್ಳೇಗಾಲ, ಹನೂರು ಕಡೆಯ ರೇಷ್ಮೆ ಬೆಳೆಗಾರರ ಬಾಯಿಗೆ ಮೊದಲು ಬರುವ ಮಾತು ಯೂರಿಯಾ. ಒಂದು ಮೂಟೆ ತಂದು ಸಾಲಿಗೆ ಚೆಲ್ಲಿ, ನೀರು ಹಾಯಿಸಿ, ವಾರ ಕಾಯುತ್ತಾರೆ. ಕೆಲವು ಸಲ ತೋಟ ಹಸಿರಾಗುತ್ತದೆ. ಎಷ್ಟೋ ಸಲ ಆಗುವುದಿಲ್ಲ. ಸೊಪ್ಪು ಹಳದಿಯಾಗಲು ಹತ್ತಾರು ಕಾರಣಗಳಿವೆ. ಯೂರಿಯಾ ಅವುಗಳಲ್ಲಿ ಒಂದಕ್ಕೆ ಮಾತ್ರ ಮದ್ದು.

ಬೇರೆ ಬೆಳೆಯಲ್ಲಿ ಎಲೆ ಕೆಟ್ಟರೆ ಇಳುವರಿ ತಗ್ಗುತ್ತದೆ, ಅಷ್ಟೇ. ಹಿಪ್ಪುನೇರಳೆಯಲ್ಲಿ ಎಲೆಯೇ ಬೆಳೆ. ರೇಷ್ಮೆಹುಳು ಬೇರೆ ಯಾವುದನ್ನೂ ತಿನ್ನುವುದಿಲ್ಲ, ಅದು ನೂಲುವ ರೇಷ್ಮೆಯ ಬಹುಪಾಲು ಪ್ರೋಟೀನು ನೇರವಾಗಿ ಸೊಪ್ಪಿನಿಂದಲೇ ಬರುತ್ತದೆ. ನಾಲ್ಕು ಜ್ವರ (ಪೊರೆ ಕಳಚುವ ಹೊತ್ತು) ದಾಟಿ ಐದನೇ ಹಂತಕ್ಕೆ ಬಂದ ಹುಳು, ತನ್ನ ಇಡೀ ಜೀವಮಾನದ ಆಹಾರದಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಆ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆ ಹೊತ್ತಿಗೆ ತೋಟದ ಸೊಪ್ಪು ಸಪ್ಪೆಯಾಗಿದ್ದರೆ ಗೂಡು ತೆಳ್ಳಗಾಗುತ್ತದೆ, ಮಾರುಕಟ್ಟೆಯಲ್ಲಿ ದರ ಕುಸಿಯುತ್ತದೆ.

ಈ ಸೀಮೆಯ ರೇಷ್ಮೆಗೆ ದೊಡ್ಡ ಹಿನ್ನೆಲೆಯಿದೆ. ಹನೂರನ್ನೂ ಒಳಗೊಂಡಿದ್ದ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ಕಡೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯದ ಮುಖ್ಯ ರೇಷ್ಮೆ ಸೀಮೆ ಇದೇ ಆಗಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನೊಳಗೇ ಉಳಿದಿತ್ತು. ಮಳೆ ನಂಬಿ ಬೆಳೆಯುತ್ತಿದ್ದ ನಾಟಿ ಕಡ್ಡಿಯ ಜಾಗದಲ್ಲಿ ಈಗ ನೀರಾವರಿಯ ವಿ-1 ತಳಿ ಬಂದಿದೆ. ಇದು 1961ರಲ್ಲಿ ಶುರುವಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಕೊಡುಗೆ. ಒಳ್ಳೆಯ ನೀರಾವರಿ ಇದ್ದರೆ ಹೆಕ್ಟೇರಿಗೆ ವರ್ಷಕ್ಕೆ 60 ಟನ್ ಸೊಪ್ಪು ಕೊಡುವ ತಳಿ ಅದು.

ಅಷ್ಟು ಕೊಡುವ ಗಿಡ ಅಷ್ಟನ್ನೇ ಕೇಳುತ್ತದೆ. ಒಂದು ಟನ್ ಹಸಿ ಸೊಪ್ಪಿನಲ್ಲಿ ಸುಮಾರು 8 ಕಿಲೋ ಸಾರಜನಕ ಇರುತ್ತದೆ. ಲೆಕ್ಕ ಹಾಕಿದರೆ ಸುಮಾರು 17 ಕಿಲೋ ಯೂರಿಯಾ! ಅದರ ಜೊತೆಗೆ ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ಗಂಧಕ, ಕಬ್ಬಿಣ, ಸತು ಎಲ್ಲವೂ ತೋಟ ಬಿಟ್ಟು ಹುಳುಮನೆ ಸೇರುತ್ತವೆ. ಆದ್ದರಿಂದಲೇ ನೀರಾವರಿ ವಿ-1 ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರ, 350 ಕಿಲೋ ಸಾರಜನಕ, 140 ಕಿಲೋ ರಂಜಕ, 140 ಕಿಲೋ ಪೊಟ್ಯಾಷ್ ಅನ್ನು ಬೆಳೆಬೆಳೆಗೆ ಹಂಚಿ ಕೊಡಬೇಕೆಂದು ಶಿಫಾರಸು ಇದೆ. ಯೂರಿಯಾ ಅಗ್ಗ, ಪೊಟ್ಯಾಷ್ ಮೂಟೆಗೆ ಅದರ ಹಲವು ಪಟ್ಟು ಬೆಲೆ. ಹಾಗಾಗಿ ಬಹಳ ತೋಟಗಳಲ್ಲಿ ಮೊದಲನೆಯದು ಧಾರಾಳವಾಗಿ ಬೀಳುತ್ತದೆ, ಉಳಿದವು ಮುಂದಿನ ಬೆಳೆಗೆಂದು ಉಳಿಯುತ್ತವೆ.

ಯಾವುದು ಕಡಿಮೆಯಾಗಿದೆ ಎಂದು ಎಲೆ ನೋಡಿ ಹೇಳುವ ವಿದ್ಯೆ ಹುಟ್ಟಿದ್ದು ಮಣ್ಣಿನಲ್ಲಲ್ಲ, ನೀರಿನಲ್ಲಿ. 1860ರ ಸುಮಾರಿಗೆ ಜರ್ಮನಿಯ ಜೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ನಾಪ್ ಗಿಡಗಳ ಬೇರನ್ನು ಬರಿಯ ಲವಣದ ನೀರಿನಲ್ಲಿ ಇಳಿಬಿಟ್ಟು ಬೆಳೆಸಿದರು. ನೀರಿನಿಂದ ಒಂದೊಂದೇ ಲವಣವನ್ನು ತೆಗೆದು ನೋಡಿದಾಗ ಗಿಡ ಹೇಗೆ ಸೊರಗುತ್ತದೆ ಎಂಬುದು ಕಣ್ಣಿಗೆ ಕಂಡಿತು. 1939ರಲ್ಲಿ ಕ್ಯಾಲಿಫೋರ್ನಿಯಾದ ಆರ್ನಾನ್ ಮತ್ತು ಸ್ಟೌಟ್, ಒಂದು ಧಾತು ಗಿಡಕ್ಕೆ ಅತ್ಯಗತ್ಯ ಎಂದು ಒಪ್ಪಲು ಬೇಕಾದ ನಿಯಮಗಳನ್ನು ಬರೆದಿಟ್ಟರು. ಇಂದು ಆ ಪಟ್ಟಿಯಲ್ಲಿ 17 ಧಾತುಗಳಿವೆ. ಮಣ್ಣಿಲ್ಲದೆ ಹೈಡ್ರೋಪೋನಿಕ್ಸ್ ಪದ್ಧತಿಯಲ್ಲಿ ಹೂವು, ತರಕಾರಿ ಬೆಳೆಯುವವರು ಇವತ್ತಿಗೂ ಅದೇ ಪಾಠ ಅನುಸರಿಸುತ್ತಾರೆ. ಅವರಿಗೆ ಒಂದು ಅನುಕೂಲವಿದೆ: ತೊಟ್ಟಿಯ ನೀರಿನ ಹುಳಿ-ಕ್ಷಾರ ಅಳೆದು ಇಂದೇ ತಿದ್ದಬಹುದು. ಹನೂರಿನ ಕೆಂಪು ಮರಳು ನೆಲದಲ್ಲಿ, ಯಳಂದೂರಿನ ಗದ್ದೆ ಬಯಲಿನಲ್ಲಿ ಅದು ಆಗದ ಕೆಲಸ. ಆದರೆ ಎಲೆ ಓದುವ ಕ್ರಮ ಎರಡೂ ಕಡೆ ಒಂದೇ.

ಆ ಕ್ರಮದಲ್ಲಿ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಹಳದಿ ಶುರುವಾದದ್ದು ಕೆಳಗಿನ ಹಳೆಯ ಎಲೆಯಲ್ಲೋ, ತುದಿಯ ಎಳೆಯ ಎಲೆಯಲ್ಲೋ? ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಮನೆಯಲ್ಲಿ ಅನ್ನ ಸಾಲದಾದಾಗ ಹಿರಿಯರು ತಾವು ಬಿಟ್ಟು ಮಕ್ಕಳಿಗೆ ಬಡಿಸುವಂತೆ, ಹಳೆಯ ಎಲೆ ತನ್ನಲ್ಲಿದ್ದದ್ದನ್ನು ಚಿಗುರಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಇವುಗಳ ಕೊರತೆ ಬುಡದ ಎಲೆಯಲ್ಲಿ ಮೊದಲು ಕಾಣುತ್ತದೆ. ಕಬ್ಬಿಣ, ಸುಣ್ಣ, ಬೋರಾನ್ ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ; ಸತು, ಗಂಧಕಗಳೂ ಅಷ್ಟಾಗಿ ಕದಲುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲೇ ಕಾಣಿಸಿಕೊಳ್ಳುತ್ತದೆ.

ಬಣ್ಣ, ಆಕಾರ ಆಮೇಲಿನ ಮಾತು. ಬುಡದ ಎಲೆ ಪೂರ್ತಿ ಒಂದೇ ಸಮನೆ ಬಿಳಿಚಿದ್ದರೆ ಸಾರಜನಕದ ಮೇಲೆ ಅನುಮಾನ ಪಡಬಹುದು. ಅದೇ ಬುಡದ ಎಲೆಯಲ್ಲಿ ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ. ಅಂಚು ಸುಟ್ಟ ಹಾಗೆ ಕಂದಾದರೆ ಪೊಟ್ಯಾಷ್. ತುದಿಯ ಎಲೆ ಹಸಿರು ನರಗಳ ಬಲೆ ಬಿಟ್ಟು ಉಳಿದೆಡೆ ಬೆಳ್ಳಗಾದರೆ ಕಬ್ಬಿಣ. ಎಲೆ ಕಿರಿದಾಗಿ ಗೆಣ್ಣು ಹತ್ತಿರ ಬಂದರೆ ಸತು. ಚಿಗುರು ಸುಕ್ಕಾಗಿ, ಮುಟ್ಟಿದರೆ ಮುರಿಯುವಂತಾಗಿ, ಕುಡಿಯೇ ಸತ್ತರೆ ಬೋರಾನ್.

ಇಷ್ಟು ಕಲಿತವರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೊರತೆಯ ವೇಷ ತೊಟ್ಟು ಬರುವ ರೋಗ, ಕೀಟಗಳು ಹಿಪ್ಪುನೇರಳೆಗೆ ಬಹಳ. ಚಿಗುರು ಮುದುಡಿ ದಪ್ಪಗಾಗಿ ಕಡು ಹಸಿರಾದದ್ದನ್ನು ನೋಡಿ ಬೋರಾನ್ ಸಿಂಪಡಿಸುವವರಿದ್ದಾರೆ. ಅದು ಗುಲಾಬಿ ಹಿಟ್ಟುತಿಗಣೆ ರಸ ಹೀರಿ ತರುವ ತುಕ್ರ. ಮುದುಡಿದ ಕುಡಿಯನ್ನು ಬಿಡಿಸಿ ನೋಡಿದರೆ ಬಿಳಿ ಹಿಟ್ಟಿನೊಳಗೆ ತಿಗಣೆ ಸಿಗುತ್ತದೆ. ಅಂಥ ಕುಡಿಗಳನ್ನು ಚಿವುಟಿ ಸುಡುವುದು, ತಿಗಣೆ ತಿನ್ನುವ ಕ್ರಿಪ್ಟೋಲೀಮಸ್ ಗುಲಗಂಜಿ ಹುಳುಗಳನ್ನು ಬಿಡುವುದು ಅದರ ಉಪಾಯ. ಎಲೆಯಂಚು ಸುಟ್ಟಿತೆಂದು ಪೊಟ್ಯಾಷ್ ಹಾಕಿದ ತೋಟದಲ್ಲಿ ಕೆಲಸ ಕೆಡಿಸಿದ್ದು ಜಿಗಿಹುಳು ಆಗಿರಬಹುದು. ಎಲೆಯ ಹಿಂಬದಿ ತಿರುಗಿಸಿದರೆ ಓರೆಯಾಗಿ ಓಡುವ ಸಣ್ಣ ಹಸಿರು ಹುಳುಗಳು ಕಾಣುತ್ತವೆ. ಎಲೆಯ ಮೇಲಿನ ಬೆಳ್ಳಿ ಗೆರೆಗಳು ಥ್ರಿಪ್ಸ್ ನುಸಿಯ ಕೆಲಸ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬೇರುಗಂಟು ರೋಗ. ಮರಳು ಮಿಶ್ರಿತ, ನೀರಾವರಿಯ ನೆಲ ಅದಕ್ಕೆ ಇಷ್ಟ. ಕಣ್ಣಿಗೆ ಕಾಣದ ದುಂಡು ಜಂತುಗಳು ಬೇರಿನಲ್ಲಿ ಗಂಟು ಕಟ್ಟಿ, ಗಿಡ ನೀರು-ಗೊಬ್ಬರ ಹೀರದಂತೆ ಮಾಡುತ್ತವೆ. ಮೇಲೆ ನೋಡಿದರೆ ಗಿಡ ಕುಳ್ಳಾಗಿ ಹಳದಿಯಾಗಿ, ಥೇಟ್ ಸಾರಜನಕದ ಕೊರತೆಯಂತೆಯೇ ಇರುತ್ತದೆ. ಬೆಳೆಗಾರ ಯೂರಿಯಾ ಹಾಕುತ್ತಾನೆ, ಗಿಡ ಹೀರಲಾರದು. ಇನ್ನೊಂದು ಮೂಟೆ ಹಾಕುತ್ತಾನೆ. ಗಿಡದ ಬುಡದಲ್ಲಿ ನಾಲ್ಕು ಗುದ್ದಲಿ ಮಣ್ಣು ತೆಗೆದು ಎಳೆಯ ಬೇರು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಬೇವಿನ ಹಿಂಡಿ ಹಾಕುವುದು, ಸಾಲಿನ ನಡುವೆ ಚೆಂಡು ಹೂ ಬೆಳೆಯುವುದು ಈ ಜಂತುವನ್ನು ತಗ್ಗಿಸುತ್ತವೆ.

ತಪ್ಪು ಮದ್ದಿನ ಬೆಲೆ ಮೂಟೆಯ ಹಣಕ್ಕೆ ಮುಗಿಯುವುದಿಲ್ಲ. ಸಾರಜನಕ ಅತಿಯಾದ ಸೊಪ್ಪು ನೋಡಲು ಸೊಂಪಾಗಿ ಒಳಗೆ ನೀರು ತುಂಬಿಕೊಂಡಿರುತ್ತದೆ. ಅದನ್ನು ತಿಂದ ಹುಳು ನಿಶ್ಶಕ್ತವಾಗಿ ಹಾಲುತೊಂಡೆ, ಸಪ್ಪೆರೋಗಕ್ಕೆ ಬೇಗ ತುತ್ತಾಗುತ್ತದೆ. ಪೊಟ್ಯಾಷ್ ಅತಿಯಾದರೆ ಮೆಗ್ನೀಷಿಯಂ ಹೀರುವುದು ಕುಗ್ಗುತ್ತದೆ, ರಂಜಕ ಅತಿಯಾದರೆ ಸತು ಸಿಗದಾಗುತ್ತದೆ. ಒಂದನ್ನು ತುಂಬಲು ಹೋಗಿ ಇನ್ನೊಂದರ ಕೊರತೆಯನ್ನು ನಾವೇ ತಂದುಕೊಂಡಂತೆ.

ಇನ್ನು ಕೆಲವು ಕಡೆ ಪೋಷಕಾಂಶ ಮಣ್ಣಿನಲ್ಲಿ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ನೆಲ, ಗಡಸು ನೀರಿನ ಕೊಳವೆಬಾವಿ, ನೀರು ನಿಂತು ಕ್ಷಾರವಾದ ನಾಲಾ ಬಯಲು, ಇಂಥಲ್ಲಿ ಕಬ್ಬಿಣವೂ ಸತುವೂ ಕರಗದೆ ಕುಳಿತಿರುತ್ತವೆ. ಭತ್ತದ ಗದ್ದೆಯ ಕತೆ ಎಲ್ಲರೂ ತಿಳಿಯಬೇಕಾದದ್ದು. ಉತ್ತರ ಭಾರತದ ತರಾಯಿ ಗದ್ದೆಗಳಲ್ಲಿ ಎಲೆ ತುಕ್ಕು ಬಣ್ಣಕ್ಕೆ ತಿರುಗಿ ಪೈರು ಕುಗ್ಗುತ್ತಿದ್ದುದನ್ನು ರೈತರು ರೋಗವೆಂದೇ ತಿಳಿದಿದ್ದರು. 1966ರಲ್ಲಿ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ಅದು ಸತುವಿನ ಕೊರತೆ ಎಂದು ತೋರಿಸಿದರು. ಲೀಟರು ನೀರಿಗೆ 5 ಗ್ರಾಂ ಸತುವಿನ ಸಲ್ಫೇಟು, ಅದರರ್ಧ ಸುಣ್ಣ ಬೆರೆಸಿ ಸಿಂಪಡಿಸಿದರೆ ಪೈರು ತಿರುಗಿಕೊಳ್ಳುತ್ತಿತ್ತು. ನಮ್ಮ ಸುವರ್ಣಾವತಿ ಹೊಳೆಯ ಬಯಲಿನಲ್ಲಿ ಭತ್ತ ಬೆಳೆಯುವವರಿಗೂ ಈ ಪಾಠ ಬೇಕು. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ಕರ್ನಾಟಕದ ಹೊಲಗಳಲ್ಲಿ ಸತು, ಬೋರಾನ್, ಗಂಧಕ ವ್ಯಾಪಕವಾಗಿ ಕಡಿಮೆಯಿರುವುದನ್ನು ತೋರಿಸಿಕೊಟ್ಟವು.

ಎಲ್ಲ ಹಳದಿಯೂ ಕಾಯಿಲೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಎಂಟೊಂಬತ್ತು ತಿಂಗಳ ಅರಿಶಿನದ ಎಲೆ ಒಣಗಿದರೆ ಅದು ಕೊಯ್ಲಿನ ಸೂಚನೆ. ಸೂರ್ಯಕಾಂತಿ ಕಾಳು ಕಟ್ಟುವಾಗ ಬುಡದ ಎಲೆಯ ಸಾರವೆಲ್ಲ ತೆನೆಗೆ ಏರುತ್ತದೆ. ಕಟಾವಿಗೆ ತಡವಾದ ಹಿಪ್ಪುನೇರಳೆಯ ಕೆಳಗಿನ ಎಲೆಗಳು ವಯಸ್ಸಾಗಿ ಉದುರುವುದೂ ಸಹಜವೇ. ಅಂಥ ಹೊತ್ತಿನಲ್ಲಿ ಗೊಬ್ಬರ ಸುರಿದರೆ ದುಡ್ಡು ದಂಡ.

ಕೊರತೆ ಖಚಿತವಾದ ಮೇಲೆ ಬೇಗ ಫಲ ಕೊಡುವುದು ಎಲೆಗೆ ಸಿಂಪಡಿಸುವ ಕ್ರಮ. ಹಲವು ಪೋಷಕಾಂಶಗಳನ್ನು ಸೇರಿಸಿ ಮೈಸೂರಿನ ಸಂಸ್ಥೆ ರೂಪಿಸಿದ ‘ಪೋಷಣ್’ ದ್ರಾವಣವನ್ನು ಕಡ್ಡಿ ಕತ್ತರಿಸಿದ 25ರಿಂದ 30ನೇ ದಿನಕ್ಕೆ, ಸೊಪ್ಪು ಇನ್ನೂ ಬೆಳೆಯುತ್ತಿರುವಾಗಲೇ ಹೊಡೆಯಬೇಕು. ಸಿಂಪಡಣೆ ಆ ಬೆಳೆಯನ್ನು ಉಳಿಸೀತು. ನೆಲದ ಬಡತನ ನೀಗಿಸಲು ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳೇ ಬೇಕು. ಇನ್ನೊಂದು ಎಚ್ಚರ: ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಿದರೆ ಎರಡೂ ಕೂಡಿ ಕರಗದ ಗಷ್ಟಾಗುತ್ತವೆ.

ಎಲೆ ಹೇಳಿದ್ದನ್ನು ಮಣ್ಣು ಒಪ್ಪಬೇಕು. 2015ರಿಂದ ನಡೆದುಬಂದಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳು ಬರೆದಿರುತ್ತವೆ. ಬಹಳ ಜನ ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬೆಳೆಗಾರರು ಮುಂದಿನ ಸಲ ಕಡ್ಡಿ ಕತ್ತರಿಸಿದ ಮೇಲೆ, ಗೊಬ್ಬರ ಹಾಕುವ ಮೊದಲು, ತೋಟದ ಎಂಟು ಹತ್ತು ಕಡೆ ಒಂದಡಿ ಆಳದ ಮಣ್ಣು ತೆಗೆಯಲಿ. ಬದು, ತಿಪ್ಪೆ, ಮರದ ನೆರಳು ಬಿಡಲಿ. ಸತುವಿನ ಲೇಪವಿರುವ ಬಕೆಟ್ಟು ಬಳಸದೆ ಪ್ಲಾಸ್ಟಿಕ್ಕಿನದರಲ್ಲಿ ಬೆರೆಸಲಿ. ನೆರಳಲ್ಲಿ ಒಣಗಿಸಿದ ಅರ್ಧ ಕಿಲೋ ಮಣ್ಣಿನ ಜೊತೆ ಕೆಟ್ಟ ಎಲೆಯನ್ನೂ ನಾಲ್ಕು ಎಳೆಯ ಬೇರನ್ನೂ ಹಿಡಿದು ಊರಿನ ಹತ್ತಿರದ ರೇಷ್ಮೆ ಇಲಾಖೆ ಕಚೇರಿಗೋ, ಚಾಮರಾಜನಗರ ಬಳಿಯ ಹರದನಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಲಿ. ಯೂರಿಯಾ ಮೂಟೆ ಬಿಚ್ಚುವುದು ಆ ವರದಿ ಕೈಗೆ ಬಂದ ಮೇಲೆ.